ಹಿತ್ತಿಲ ಹೊಂಡದಲ್ಲಿ ಮೀನು ಸಾಕಣೆ: ಮೊದಲ ವರ್ಷ ತಿಳಿದಿರಬೇಕಾದ ಸಂಗತಿಗಳು

ಮನೆಯ ಹಿತ್ತಿಲಲ್ಲೋ ಹೊಲದ ತಗ್ಗಿನ ಮೂಲೆಯಲ್ಲೋ ಒಂದು ನೀರಿನ ಹೊಂಡವಿರುವ ರೈತ ಕುಟುಂಬಗಳು ಇಂದು ರಾಜ್ಯದಲ್ಲಿ ಬಹಳಷ್ಟಿವೆ. 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯಿಂದ ಮಳೆಯಾಶ್ರಿತ ತಾಲ್ಲೂಕುಗಳಲ್ಲಿ ಕೃಷಿ ಹೊಂಡಗಳ ಸಂಖ್ಯೆ ಹೆಚ್ಚಿತು. ಮಲೆನಾಡು ಮತ್ತು ಕರಾವಳಿಯ ಅಡಿಕೆ ತೋಟಗಳಲ್ಲಂತೂ ತೋಟದ ಕೆರೆ ಅಜ್ಜನ ಕಾಲದಿಂದಲೂ ಇದ್ದದ್ದೇ. ಇಂಥ ಹೊಂಡ ತುಂಬಿದ ವರ್ಷ ಯಾರೋ ಹೇಳಿದರೆಂದು ನಾಲ್ಕೈದು ನೂರು ಮೀನುಮರಿ ತಂದು ಬಿಡುವುದು, ಕೆಲವು ದಿನ ಮಂಡಕ್ಕಿ ಎರಚುವುದು, ಆಮೇಲೆ ಮರೆತುಬಿಡುವುದು ಸಾಮಾನ್ಯವಾಗಿ ಕಂಡುಬರುವ ರೂಢಿ. ಬೇಸಗೆಯಲ್ಲಿ ನೀರು ಇಳಿದಾಗ ನೋಡಿದರೆ ಗೇಣುದ್ದದ ಹತ್ತಾರು ಮೀನು ಸಿಕ್ಕಿರುತ್ತದೆ. 'ನಮ್ಮ ನೀರಿಗೆ ಮೀನು ಆಗಿಬರುವುದಿಲ್ಲ' ಎಂದು ಆ ಮನೆಯವರು ತೀರ್ಮಾನಿಸುತ್ತಾರೆ. ನಿಜವಾಗಿ ದೋಷ ನೀರಿನದಲ್ಲ. ಹೊಲ ಹದ ಮಾಡದೆ, ಗೊಬ್ಬರ ಹಾಕದೆ, ಒಂದು ಸಾಲಿನಲ್ಲಿ ನಾಲ್ಕು ಸಾಲಿನ ಬೀಜ ಸುರಿದರೆ ಯಾವ ಬೆಳೆಯೂ ಬರುವುದಿಲ್ಲ. ಮೀನಿಗೂ ಇದೇ ಮಾತು ಅನ್ವಯಿಸುತ್ತದೆ.

ಕನ್ನಡ ನಾಡಿಗೆ ಮೀನು ಸಾಕುವ ವಿದ್ಯೆ ಹೊಸದೇನಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮೀನಿನ ಜಾತಿಗಳನ್ನೂ, ಅವುಗಳಿಗೆ ಯಾವ ಯಾವ ಆಹಾರ ಕೊಡಬೇಕೆಂಬುದನ್ನೂ ವಿವರಿಸಿದ್ದಾನೆ. ದೊರೆಗೆ ಅದು ವಿನೋದವಾಗಿತ್ತು. ಎರಡು ಗುಂಟೆ ಹೊಂಡವಿರುವ ರೈತನಿಗೆ ಇದು ಮನೆಯ ಊಟಕ್ಕೆ ಮತ್ತು ಕೈಖರ್ಚಿಗೆ ಸಂಬಂಧಿಸಿದ ವಿಷಯ.

ಈ ಲೇಖನದಲ್ಲಿ ಲೆಕ್ಕಕ್ಕಾಗಿ 66 ಅಡಿ ಉದ್ದ, 33 ಅಡಿ ಅಗಲದ, ಅಂದರೆ ಸರಿಯಾಗಿ ಎರಡು ಗುಂಟೆ ನೀರು ಹರವಿನ ಒಂದು ಹೊಂಡವನ್ನು ಇಟ್ಟುಕೊಳ್ಳಲಾಗಿದೆ. ತಮ್ಮ ಹೊಂಡ ಒಂದೇ ಗುಂಟೆಯಾದರೆ ಪ್ರಮಾಣವನ್ನು ಅರ್ಧ ಮಾಡಿಕೊಳ್ಳಬೇಕು, ನಾಲ್ಕು ಗುಂಟೆಯಾದರೆ ಇಮ್ಮಡಿ ಮಾಡಿಕೊಳ್ಳಬೇಕು.

ಹೊಂಡದ ಜಾಗ ಮತ್ತು ಆಕಾರ

ಹೊಸದಾಗಿ ಹೊಂಡ ತೆಗೆಯುವವರು ಮೊದಲು ಮಣ್ಣನ್ನು ನೋಡಬೇಕು. ಮೂರಡಿ ಆಳದಿಂದ ತೆಗೆದ ಒಂದು ಹಿಡಿ ಹಸಿ ಮಣ್ಣನ್ನು ಉಂಡೆ ಕಟ್ಟಿ ಮೇಲಕ್ಕೆ ಎಸೆದು ಹಿಡಿದರೆ ಅದು ಒಡೆಯದೆ ಉಳಿಯಬೇಕು. ಒಡೆದು ಉದುರಿದರೆ ಆ ಮಣ್ಣು ನೀರು ಹಿಡಿಯುವುದಿಲ್ಲ. ಇನ್ನೂ ಖಚಿತವಾಗಬೇಕಿದ್ದರೆ ಸೊಂಟದುದ್ದದ ಗುಣಿ ತೋಡಿ, ಸಂಜೆ ಅಂಚಿನವರೆಗೆ ನೀರು ತುಂಬಿ, ಬೆಳಿಗ್ಗೆ ಎಷ್ಟು ಇಂಗಿದೆ ಎಂದು ನೋಡಬೇಕು. ಮೊದಲ ರಾತ್ರಿ ಸ್ವಲ್ಪ ಇಂಗುವುದು ಸಹಜ. ಮತ್ತೆ ತುಂಬಿಸಿದ ಎರಡನೆಯ ರಾತ್ರಿಯೂ ಬಹುಪಾಲು ನೀರು ಇಂಗಿಹೋದರೆ ಅಲ್ಲಿ ಬರೀ ಮಣ್ಣಿನ ಹೊಂಡ ನಿಲ್ಲುವುದಿಲ್ಲ. ಕೆಂಪು ಮರಳು ಮಿಶ್ರಿತ ನೆಲದಲ್ಲಿ ಕೆರೆಗೋಡನ್ನು ಸಗಣಿಯೊಂದಿಗೆ ಕಲಸಿ ತಳಕ್ಕೂ ಬದಿಗೂ ಅರ್ಧ ಅಡಿ ದಪ್ಪ ಮೆತ್ತಿ ತುಳಿಸಿದರೆ ಇಂಗುವುದು ಬಹಳಮಟ್ಟಿಗೆ ಕಡಿಮೆಯಾಗುತ್ತದೆ. ಇಲ್ಲವಾದರೆ ಪ್ಲಾಸ್ಟಿಕ್ ಹೊದಿಕೆಯೇ ಗತಿ.

ನೀರಿನ ಆಳ ಐದರಿಂದ ಆರು ಅಡಿ ಇದ್ದರೆ ಸಾಕು. ಮೂರಡಿಗಿಂತ ಕಡಿಮೆಯಾದರೆ ಬೇಸಗೆಯಲ್ಲಿ ನೀರು ಅತಿಯಾಗಿ ಕಾಯುತ್ತದೆ, ಕೊಕ್ಕರೆ ಮತ್ತು ನೀರುಕಾಗೆಗಳಿಗೂ ಸುಲಭ. ಹತ್ತು ಹನ್ನೆರಡು ಅಡಿ ಆಳ ಮಾಡಿದರೆ ಮೀನು ಹೆಚ್ಚು ಬರುತ್ತದೆಂಬುದು ತಪ್ಪು ಕಲ್ಪನೆ. ಬಿಸಿಲು ತಲುಪದ ಆ ತಳದ ನೀರಿನಲ್ಲಿ ಪ್ರಾಣವಾಯು ಕಡಿಮೆ, ಮೀನಿನ ಆಹಾರವೂ ಬೆಳೆಯುವುದಿಲ್ಲ. ಬದಿಗಳನ್ನು ನೆಟ್ಟಗೆ ಕಡಿಯದೆ, ಒಂದಡಿ ಇಳಿದರೆ ಒಂದೂವರೆ ಅಡಿ ಒಳಸರಿಯುವಂತೆ ಇಳಿಜಾರು ಕೊಡಬೇಕು. ಹೀಗೆ ತೆಗೆದ ನಮ್ಮ ಲೆಕ್ಕದ ಹೊಂಡದಲ್ಲಿ ಐದಡಿ ನೀರು ನಿಂತರೆ ಸುಮಾರು ಎರಡು ಲಕ್ಷ ಲೀಟರ್ ಆಗುತ್ತದೆ. ದೊಡ್ಡ ಮರದ ಕೆಳಗೆ ಹೊಂಡ ಬೇಡ. ನೆರಳು ಬೀಳುವುದಲ್ಲದೆ ಉದುರಿದ ಎಲೆ ಕೊಳೆತು ನೀರು ಕೆಡುತ್ತದೆ.

ಮಳೆನೀರು ಒಳಬರುವ ಮತ್ತು ಹೆಚ್ಚಾದ ನೀರು ಹೊರಹೋಗುವ ಎರಡು ಕಡೆಯೂ ಸಣ್ಣ ಕಣ್ಣಿನ ಜಾಲರಿ ಇರಬೇಕು. ಒಳಬರುವ ಕಡೆಯಿಂದ ಹಳ್ಳದ ಕಾಡುಮೀನು ಸೇರುತ್ತದೆ, ಹೊರಹೋಗುವ ಕಡೆಯಿಂದ ಸಾಕಿದ ಮೀನು ಹೋಗುತ್ತದೆ. ಕರಾವಳಿ ಮತ್ತು ಮಲೆನಾಡಿನಲ್ಲಿ ಒಂದೇ ರಾತ್ರಿಯ ಮಳೆಗೆ ಹೊಂಡ ಉಕ್ಕಿ ಇಡೀ ವರ್ಷದ ಮೀನು ಗದ್ದೆಯ ಪಾಲಾಗುವುದುಂಟು. ಅಲ್ಲಿ ಏರಿಯ ಮೇಲೆ ಎರಡಡಿ ಎತ್ತರದ ಬಲೆಯನ್ನು ಸುತ್ತಲೂ ಕಟ್ಟುವುದು ಅವಶ್ಯ.

ಬೇಲಿ ಮೊದಲು, ಮೀನು ಆಮೇಲೆ

ಪ್ಲಾಸ್ಟಿಕ್ ಹೊದಿಸಿದ ಹೊಂಡದ ಬದಿ ಒದ್ದೆಯಾದೊಡನೆ ಪಾಚಿ ಹಿಡಿದು ಜಾರುತ್ತದೆ. ಒಳಗೆ ಬಿದ್ದವರಿಗೆ ಈಜು ಬಂದರೂ ಹತ್ತಿ ಬರಲು ಕಾಲಿಗೆ ಆಸರೆ ಸಿಗುವುದಿಲ್ಲ. ಆಟವಾಡುವ ಮಕ್ಕಳು, ಅವರನ್ನು ಎತ್ತಲು ಇಳಿದ ದೊಡ್ಡವರು ಕೃಷಿ ಹೊಂಡಗಳಲ್ಲಿ ಪ್ರಾಣ ಕಳೆದುಕೊಂಡ ಸುದ್ದಿ ನಮ್ಮ ಜಿಲ್ಲೆಗಳಿಂದ ಮತ್ತೆ ಮತ್ತೆ ಬರುತ್ತಿರುತ್ತದೆ. ಮೀನು ಬಿಟ್ಟ ಮೇಲಂತೂ ಅಪಾಯ ಇನ್ನೂ ಹೆಚ್ಚು. ಮೀನು ನೋಡಲು, ಗಾಳ ಹಾಕಲು ಮಕ್ಕಳು ಬಂದೇ ಬರುತ್ತಾರೆ.

ಆದುದರಿಂದ ಮರಿ ತರುವ ಮೊದಲೇ ಹೊಂಡದ ಸುತ್ತ ಕನಿಷ್ಠ ನಾಲ್ಕೈದು ಅಡಿ ಎತ್ತರದ ತಂತಿ ಬೇಲಿ ಹಾಗೂ ಚಿಲಕವಿರುವ ಬಾಗಿಲು ಆಗಬೇಕು. ತಂತಿಗೆ ಹಣ ಸಾಲದಿದ್ದರೆ ಮುಳ್ಳಿನ ಬೇಲಿಯಾದರೂ ಸರಿ, ಆದರೆ ಬೇಲಿ ಇಲ್ಲದೆ ಮೀನು ಬಿಡಬಾರದು. ಎದುರುಬದುರು ಎರಡು ಕಡೆ ಗಟ್ಟಿ ಗೂಟ ನೆಟ್ಟು, ಮೊಳಕ್ಕೊಂದು ಗಂಟು ಹಾಕಿದ ದಪ್ಪ ಹಗ್ಗವನ್ನು ತಳದವರೆಗೆ ಇಳಿಬಿಡಬೇಕು. ಗಾಳಿ ತುಂಬಿದ ಹಳೆಯ ಟ್ರ್ಯಾಕ್ಟರ್ ಟ್ಯೂಬನ್ನು ಹಗ್ಗ ಸಮೇತ ಏರಿಯ ಮೇಲೆ ಯಾವಾಗಲೂ ಇಟ್ಟಿರಬೇಕು. ಇದಕ್ಕೆ ಆಗುವ ಖರ್ಚು ಒಂದು ಸಲ ಮಾತ್ರ. ಮೀನಿಗೆ ಆಹಾರ ಹಾಕುವ ಕೆಲಸವನ್ನು ಒಂಟಿಯಾಗಿ ಮಕ್ಕಳಿಗೆ ಒಪ್ಪಿಸಲೇಬಾರದು.

ನೀರನ್ನು ಹದ ಮಾಡುವುದು

ಹಳೆಯ ಹೊಂಡವಾದರೆ ಬೇಸಗೆಯಲ್ಲಿ ಸಂಪೂರ್ಣ ಒಣಗಿಸಿ, ತಳ ಬಿರುಕು ಬಿಡುವಷ್ಟು ಬಿಸಿಲಿಗೆ ಬಿಡುವುದೇ ಎಲ್ಲಕ್ಕಿಂತ ಒಳ್ಳೆಯ ಮತ್ತು ಪುಕ್ಕಟೆಯಾದ ವಿಧಾನ. ಕೊರವ, ಜಿಲೇಬಿ ಮುಂತಾದ ಮೀನುಗಳು, ಅವುಗಳ ಮೊಟ್ಟೆ, ನೀರಿನ ಕೀಟಗಳು ಇದರಿಂದ ನಾಶವಾಗುತ್ತವೆ. ಒಣಗಿಸಲು ಸಾಧ್ಯವಿಲ್ಲದ ತೋಟದ ಕೆರೆಗಳಲ್ಲಿ ಹಿಪ್ಪೆ ಹಿಂಡಿ ಬಳಸಬಹುದು. ಎರಡು ಗುಂಟೆಯಲ್ಲಿ ಒಂದು ಮೀಟರ್ ನೀರಿದ್ದರೆ 40ರಿಂದ 50 ಕಿ.ಗ್ರಾಂ. ಹಿಂಡಿಯನ್ನು ನೆನೆಸಿ ಎಲ್ಲ ಕಡೆ ಎರಚಬೇಕು. ಕೆಲವೇ ಗಂಟೆಗಳಲ್ಲಿ ಕಾಡುಮೀನುಗಳು ಮೇಲೆ ಬರುತ್ತವೆ, ಬಲೆಯಿಂದ ತೆಗೆಯಬಹುದು. ಹಿಂಡಿಯ ವಿಷ ಇಳಿಯಲು 15ರಿಂದ 20 ದಿನ ಬೇಕು, ಆಮೇಲೆ ಅದೇ ಗೊಬ್ಬರವೂ ಆಗುತ್ತದೆ. ಕಾಡುಮೀನು ಕೊಲ್ಲಲು ಬೆಳೆಗೆ ಹೊಡೆಯುವ ಕೀಟನಾಶಕ ಸುರಿಯುವುದು ಮಾತ್ರ ಸರ್ವಥಾ ಕೂಡದು. ಆ ನೀರನ್ನು ದನ ಕುಡಿಯುತ್ತದೆ, ಆ ಮೀನನ್ನು ಮನುಷ್ಯರು ತಿನ್ನುತ್ತಾರೆ.

ಅನಂತರ ಸುಣ್ಣ. ಎರಡು ಗುಂಟೆಗೆ ಸಾಧಾರಣ ಮಣ್ಣಿನಲ್ಲಿ 4ರಿಂದ 5 ಕಿ.ಗ್ರಾಂ. ಪುಡಿ ಸುಣ್ಣ ಸಾಕು. ಮಲೆನಾಡು, ಕರಾವಳಿಯ ಹುಳಿ ಮಣ್ಣಿನಲ್ಲಿ ಇದು 20 ಕಿ.ಗ್ರಾಂ.ಗೂ ಏರಬಹುದು. ಮಣ್ಣು ಮತ್ತು ನೀರಿನ ರಸಸಾರವನ್ನು ಕೃಷಿ ವಿಜ್ಞಾನ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿಕೊಂಡರೆ ಊಹೆಗೆ ಎಡೆ ಇರುವುದಿಲ್ಲ. ನೀರಿನ ರಸಸಾರ 7ರಿಂದ 8.5ರೊಳಗೆ ಇದ್ದರೆ ಮೀನಿಗೆ ಹಿತ.

ಸುಣ್ಣ ಹಾಕಿದ ಒಂದು ವಾರದ ಮೇಲೆ 100 ಕಿ.ಗ್ರಾಂ. ಹಸಿ ಸಗಣಿಯನ್ನು ನೀರಿನಲ್ಲಿ ಕದಡಿ ಹೊಂಡಕ್ಕೆಲ್ಲ ಚೆಲ್ಲಬೇಕು. ಸಗಣಿಯನ್ನು ಮೀನು ತಿನ್ನಲೆಂದು ಹಾಕುವುದೆಂದು ಅನೇಕರ ಭಾವನೆ. ಅದು ಸರಿಯಲ್ಲ. ಸಗಣಿಯಿಂದ ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹಸಿರು ಸಸ್ಯಗಳು ಹುಟ್ಟುತ್ತವೆ, ಅವನ್ನು ತಿಂದು ಸೂಜಿಮೊನೆಯಷ್ಟು ಗಾತ್ರದ ಪ್ರಾಣಿಗಳು ಬೆಳೆಯುತ್ತವೆ. ಇವೆರಡನ್ನೂ ಸೇರಿಸಿ ಪ್ಲಾಂಕ್ಟನ್ ಎನ್ನುತ್ತಾರೆ. ಗೆಂಡೆ ಮೀನಿಗೆ ಇದು ತಾಯಿಯ ಹಾಲಿದ್ದಂತೆ. ಹತ್ತು ಹದಿನೈದು ದಿನಗಳಲ್ಲಿ ನೀರು ತಿಳಿಹಸಿರು ಅಥವಾ ಕಂದುಹಸಿರು ಬಣ್ಣಕ್ಕೆ ತಿರುಗಿದರೆ ಹೊಂಡ ಹದಕ್ಕೆ ಬಂದಿದೆ ಎಂದರ್ಥ. ಪ್ಲಾಸ್ಟಿಕ್ ಹೊದಿಸಿದ ಹೊಂಡದಲ್ಲಿ ಈ ಬಣ್ಣ ಬೇಗ ಬರುವುದಿಲ್ಲ, ಏಕೆಂದರೆ ನೀರಿಗೂ ಮಣ್ಣಿಗೂ ಸಂಬಂಧವೇ ಇರುವುದಿಲ್ಲ. ಅಲ್ಲಿ ತಳದಲ್ಲಿ ಅರ್ಧ ಅಡಿ ಒಳ್ಳೆಯ ಮಣ್ಣು ಹರಡಿಯೇ ನೀರು ತುಂಬಿಸಬೇಕು.

ಬಣ್ಣ ನೋಡಲು ಯಾವ ಯಂತ್ರವೂ ಬೇಡ. ಬಿಸಿಲು ಚೆನ್ನಾಗಿರುವಾಗ ಕೈಯನ್ನು ಮೊಣಕೈವರೆಗೆ ನೀರಿನಲ್ಲಿ ನೆಟ್ಟಗೆ ಇಳಿಸಬೇಕು. ಅಂಗೈ ಮಸುಕಾಗಿ ಕಾಣುತ್ತಿದ್ದರೆ ಸರಿಯಾಗಿದೆ. ಸ್ಪಷ್ಟವಾಗಿ ಬೆರಳೆಣಿಸುವಂತೆ ಕಂಡರೆ ಗೊಬ್ಬರ ಸಾಲದು. ಮಣಿಕಟ್ಟು ಮುಳುಗುವಷ್ಟರಲ್ಲೇ ಅಂಗೈ ಮಾಯವಾದರೆ ಗೊಬ್ಬರ ಅತಿಯಾಗಿದೆ, ಕೂಡಲೇ ನಿಲ್ಲಿಸಬೇಕು. ಈ ಪರೀಕ್ಷೆ ಹಸಿರು ನೀರಿಗೆ ಮಾತ್ರ. ಮಳೆಯಿಂದ ಕೆಂಪು ಮಣ್ಣು ಕದಡಿದ ನೀರಿಗೆ ಅನ್ವಯಿಸುವುದಿಲ್ಲ. ಸಾಧಾರಣವಾಗಿ ಹದಿನೈದು ದಿನಕ್ಕೊಮ್ಮೆ 10ರಿಂದ 12 ಕಿ.ಗ್ರಾಂ. ಸಗಣಿ ಸಾಕಾಗುತ್ತದೆ. ಕೋಳಿಗೊಬ್ಬರ ಇದ್ದರೆ ಅದರ ಮೂರನೆಯ ಒಂದು ಭಾಗ ಸಾಕು.

ಯಾವ ಮೀನು, ಎಷ್ಟು

ಕಾಟ್ಲಾ ನೀರಿನ ಮೇಲ್ಪದರದಲ್ಲಿ, ರೋಹು ನಡುವೆ, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದಲ್ಲಿ ಮೇಯುತ್ತವೆ. ಒಂದೇ ಹೊಲದಲ್ಲಿ ತೊಗರಿ, ಹೆಸರು, ಜೋಳ ಸೇರಿಸಿ ಬಿತ್ತುವ ಅಕ್ಕಡಿ ಬೇಸಾಯದ ಹಾಗೆ, ಮೂರೂ ಪದರದ ಮೀನನ್ನು ಒಟ್ಟಿಗೆ ಬಿಟ್ಟರೆ ಒಂದರ ಮೇವಿಗೆ ಇನ್ನೊಂದು ಬಾಯಿ ಹಾಕುವುದಿಲ್ಲ. ಎರಡು ಗುಂಟೆಗೆ ಒಟ್ಟು 100 ಮರಿಗಳು ಸಾಕು: ಕಾಟ್ಲಾ 40, ರೋಹು 30, ಸಾಮಾನ್ಯ ಗೆಂಡೆ ಅಥವಾ ಮೃಗಾಲ್ 30. ಅಂದರೆ ಎರಡು ಚದರ ಮೀಟರಿಗೆ ಒಂದು ಮೀನು. 'ಇಷ್ಟೇ ಏನು?' ಎಂದು ಹೊಸಬರಿಗೆ ಅನ್ನಿಸುವುದು ಸಹಜ. ಆದರೆ ಗಾಳಿಯಾಡಿಸುವ ಯಂತ್ರವಿಲ್ಲದ ನಿಂತ ನೀರಿನಲ್ಲಿ 400 ಮರಿ ಬಿಟ್ಟರೆ ಅವು ಬೆಳೆಯದೆ ಕುಗ್ಗುತ್ತವೆ, ಇಲ್ಲವೇ ಒಂದು ಮೋಡದ ದಿನ ಒಟ್ಟಿಗೆ ಸಾಯುತ್ತವೆ. ಮೊದಲ ವರ್ಷದ ನಷ್ಟಗಳಲ್ಲಿ ಹೆಚ್ಚಿನವು ಈ ಅತಿಯಾಸೆಯಿಂದಲೇ ಆಗುತ್ತವೆ.

ಆರೇಳು ತಿಂಗಳು ಮಾತ್ರ ನೀರು ನಿಲ್ಲುವ ಹೊಂಡಕ್ಕೆ ಬೇಗ ಬೆಳೆಯುವ ಕಾಟ್ಲಾ ಮತ್ತು ಸಾಮಾನ್ಯ ಗೆಂಡೆ ಎರಡನ್ನೇ ಆಯ್ಕೆ ಮಾಡುವುದು ಲೇಸು. ಹಂಗೇರಿ ದೇಶದಿಂದ ತಂದು ಬೆಂಗಳೂರಿನ ಹೆಸರಘಟ್ಟದ ಮೀನುಗಾರಿಕೆ ಸಂಶೋಧನಾ ಕೇಂದ್ರದಲ್ಲಿ ಪರೀಕ್ಷಿಸಿದ ಅಮೂರ್ ಗೆಂಡೆ ತಳಿ ಹಳೆಯ ಸಾಮಾನ್ಯ ಗೆಂಡೆಗಿಂತ ಚುರುಕಾಗಿ ಬೆಳೆಯುತ್ತದೆ. ಸಾಮಾನ್ಯ ಗೆಂಡೆಯ ಒಂದು ದುರ್ಗುಣವೆಂದರೆ ಏರಿಯನ್ನು ಮೂತಿಯಿಂದ ಕೆದಕುವುದು. ಮಣ್ಣಿನ ಏರಿ ಸಡಿಲವಾಗಿದ್ದಲ್ಲಿ ಅದರ ಬದಲು ಮೃಗಾಲ್ ಬಿಡಬೇಕು. ಹೊಂಡದಲ್ಲಿ ಜಲಸಸ್ಯ ಹೆಚ್ಚಿದ್ದರೆ ಅಥವಾ ಮನೆಯಲ್ಲಿ ನೇಪಿಯರ್ ಹುಲ್ಲು ಇದ್ದರೆ ನಾಲ್ಕೈದು ಹುಲ್ಲುಗೆಂಡೆ ಸೇರಿಸಬಹುದು.

ಜಿಲೇಬಿ ಎಂದು ಹಳ್ಳಿಗರು ಕರೆಯುವ ತಿಲಾಪಿಯಾ 1952ರಲ್ಲಿ ನಮ್ಮ ದೇಶಕ್ಕೆ ಬಂದದ್ದು. ಅದು ಹೊಂಡದಲ್ಲೇ ಮರಿಯಿಟ್ಟು ಮರಿಯಿಟ್ಟು, ಕೊನೆಗೆ ಬೆರಳುದ್ದದ ಮೀನೇ ತುಂಬಿಹೋಗುತ್ತದೆ. ಅದರ ಸುಧಾರಿತ ತಳಿ ಸಾಕಲು ಸರ್ಕಾರದ ಅನುಮತಿ ಬೇಕು. ಆಫ್ರಿಕಾದ ಕ್ಯಾಟ್ ಫಿಶ್ ಸಾಕಣೆಯನ್ನು ಕೇಂದ್ರ ಸರ್ಕಾರ 2000ದಲ್ಲಿಯೇ ನಿಷೇಧಿಸಿದೆ. ಅದು ಉಳಿದೆಲ್ಲ ಮೀನನ್ನೂ ತಿಂದು, ಹೊಂಡ ಉಕ್ಕಿದಾಗ ಕೆರೆ ಹಳ್ಳ ಸೇರಿ ಊರ ಮೀನಿಗೂ ಕುತ್ತಾಗುತ್ತದೆ. 'ಆರು ತಿಂಗಳಲ್ಲಿ ಎರಡು ಕಿಲೋ' ಎಂಬ ಮಾತಿಗೆ ಮರುಳಾಗಿ ಅದನ್ನು ತರಬಾರದು.

ಮರಿ ತರುವುದು, ಬಿಡುವುದು

ಕಾಟ್ಲಾ, ರೋಹು, ಮೃಗಾಲ್ ಮೂರೂ ಮೂಲತಃ ಉತ್ತರದ ಹೊಳೆಗಳ ಮೀನುಗಳು, ನಿಂತ ನೀರಿನಲ್ಲಿ ತಾವಾಗಿ ಮೊಟ್ಟೆಯಿಡುವುದಿಲ್ಲ. ಹಿಂದೆ ಇವುಗಳ ಮರಿಯನ್ನು ಮಳೆಗಾಲದಲ್ಲಿ ಹೊಳೆಗಳಿಂದಲೇ ಹಿಡಿಯಬೇಕಾಗಿತ್ತು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ. ಎಚ್. ಅಲಿಕುಂಞಿ ಅವರು ಮೀನಿನ ಮಿದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚುಮದ್ದಾಗಿ ಕೊಟ್ಟು ಮೊಟ್ಟೆಯಿಡಿಸುವುದರಲ್ಲಿ ಯಶಸ್ವಿಯಾದರು. ಆ ದಿನವನ್ನೇ ಇಂದು ರಾಷ್ಟ್ರೀಯ ಮೀನು ಕೃಷಿಕರ ದಿನವೆಂದು ಆಚರಿಸಲಾಗುತ್ತಿದೆ. ಈಗ ರಾಜ್ಯದ ಮರಿ ಉತ್ಪಾದನಾ ಕೇಂದ್ರಗಳಲ್ಲಿ ಜುಲೈಯಿಂದ ಸೆಪ್ಟೆಂಬರ್‌ವರೆಗೆ ಮರಿ ಧಾರಾಳವಾಗಿ ದೊರೆಯುತ್ತದೆ. ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಛೇರಿಯಲ್ಲಿ ಮುಂಗಾರಿನ ಆರಂಭದಲ್ಲೇ ಹೆಸರು ಬರೆಸಿಟ್ಟರೆ ಕೊನೆಯ ಗಳಿಗೆಯ ಓಡಾಟ ತಪ್ಪುತ್ತದೆ.

ಮರಿ ಕೊಳ್ಳುವಾಗ ಬೆಲೆಗಿಂತ ಗಾತ್ರವನ್ನು ನೋಡಬೇಕು. ಒಂದಂಗುಲದ ಎಳೆಮರಿ ಅಗ್ಗ. ಆದರೆ ಅದನ್ನು ನೇರವಾಗಿ ಹೊಂಡಕ್ಕೆ ಬಿಟ್ಟರೆ ನೀರಿನ ಕೀಟ, ಕಪ್ಪೆ, ನೀರೊಳ್ಳೆ ಹಾವುಗಳಿಗೆ ಆಹಾರವಾಗಿ ನೂರಕ್ಕೆ ಹತ್ತಿಪ್ಪತ್ತು ಉಳಿದರೂ ಹೆಚ್ಚು. ಮೂರ್ನಾಲ್ಕು ಅಂಗುಲದ ಬಲಿತ ಮರಿಗೆ ಹೆಚ್ಚು ದುಡ್ಡು ಕೊಟ್ಟರೂ ನೂರಕ್ಕೆ ಎಂಬತ್ತು ಉಳಿಯುತ್ತದೆ. ಎಳೆಮರಿಯೇ ಸಿಕ್ಕಿದರೆ ಸೊಳ್ಳೆಪರದೆಯಂಥ ಬಲೆಯಿಂದ ಹೊಲಿದ ಒಂದು ಪೆಟ್ಟಿಗೆಯನ್ನು ನಾಲ್ಕು ಬಿದಿರು ಗಳಗಳಿಗೆ ಕಟ್ಟಿ ಹೊಂಡದೊಳಗೇ ಮುಳುಗಿಸಿ, ಅದರಲ್ಲಿ ಒಂದೂವರೆ ಎರಡು ತಿಂಗಳು ನಯವಾದ ತೌಡು, ಹಿಂಡಿ ಪುಡಿ ಕೊಟ್ಟು ಬೆಳೆಸಿ ಆಮೇಲೆ ಹೊರಗೆ ಬಿಡಬೇಕು. ಪರದೆಗೆ ಹಿಡಿದ ಪಾಚಿಯನ್ನು ಆಗಾಗ ಉಜ್ಜಿ ತೆಗೆಯದಿದ್ದರೆ ಒಳಗೆ ನೀರಾಡದು.

ಮರಿಯನ್ನು ಆಮ್ಲಜನಕ ತುಂಬಿದ ಚೀಲದಲ್ಲಿ, ಬೆಳಗಿನ ಅಥವಾ ಸಂಜೆಯ ತಂಪಿನಲ್ಲಿ ತರಬೇಕು. ತಂದೊಡನೆ ಸುರಿಯಬಾರದು. ಚೀಲವನ್ನು ಬಾಯಿ ಬಿಚ್ಚದೆ ಹದಿನೈದು ಇಪ್ಪತ್ತು ನಿಮಿಷ ಹೊಂಡದ ನೀರಿನ ಮೇಲೆ ತೇಲಿಬಿಟ್ಟು, ಒಳಗಿನ ಹೊರಗಿನ ನೀರಿನ ಬಿಸಿ ಒಂದಾಗಲು ಬಿಡಬೇಕು. ಆಮೇಲೆ ಬಾಯಿ ಬಿಚ್ಚಿ ಹೊಂಡದ ನೀರನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸಬೇಕು. ರೋಗ ಅಂಟಿಬರದಂತೆ ಹತ್ತು ಲೀಟರ್ ನೀರಿಗೆ 200ರಿಂದ 300 ಗ್ರಾಂ ಅಡಿಗೆ ಉಪ್ಪು ಕರಗಿಸಿ, ಮರಿಗಳನ್ನು ಕೈಬಲೆಯಲ್ಲಿ ಹಿಡಿದು ಒಂದೆರಡು ನಿಮಿಷ ಅದ್ದಿ ತೆಗೆದು, ಹೊಂಡದ ಅಂಚಿನಲ್ಲಿ ಬಲೆಯನ್ನು ಓರೆ ಮಾಡಬೇಕು. ಚುರುಕಾದ ಮರಿ ತಾನಾಗಿ ಈಜಿ ಹೋಗುತ್ತದೆ.

ದಿನದ ಆಹಾರ

ಸಗಣಿಯಿಂದ ಹುಟ್ಟುವ ಮೇವಿನ ಜೊತೆಗೆ ಕೈತಿಂಡಿ ಕೊಟ್ಟರೆ ಮಾತ್ರ ಮೀನು ವರ್ಷದಲ್ಲಿ ಮುಕ್ಕಾಲು, ಒಂದು ಕಿಲೋ ತೂಗುತ್ತದೆ. ಕಡಲೆಕಾಯಿ ಹಿಂಡಿ ಮತ್ತು ಅಕ್ಕಿ ತೌಡನ್ನು ಸಮಪಾಲು ಬೆರೆಸಿ, ರಾತ್ರಿ ನೆನೆಸಿ, ಬೆಳಿಗ್ಗೆ ಉಂಡೆ ಕಟ್ಟಿ ಕೊಡುವುದು ಹಳೆಯ ಹಾಗೂ ಇಂದಿಗೂ ಸರಿಯಾದ ಕ್ರಮ. ಬೂಷ್ಟು ಹಿಡಿದ ಹಿಂಡಿ ವಿಷವಾಗುತ್ತದೆ. ದನಕ್ಕೆ ಬೇಡವಾದದ್ದು ಮೀನಿಗಾಯಿತು ಎನ್ನಬಾರದು. ಮೀನಿನ ಒಟ್ಟು ತೂಕದ ನೂರಕ್ಕೆ ಎರಡರಿಂದ ಮೂರು ಪಾಲು ದಿನದ ಆಹಾರ. ನೂರು ಮೀನು ತಲಾ ನೂರು ಗ್ರಾಂ ಆದಾಗ ಒಟ್ಟು ತೂಕ 10 ಕಿ.ಗ್ರಾಂ., ಆಗ ದಿನಕ್ಕೆ 300 ಗ್ರಾಂ. ಉಳಿದ 85 ಮೀನು ತಲಾ ಅರ್ಧ ಕಿಲೋ ಆದಾಗ 42 ಕಿ.ಗ್ರಾಂ., ಆಗ ದಿನಕ್ಕೆ ಸುಮಾರು 850 ಗ್ರಾಂ. ತಿಂಗಳಿಗೊಮ್ಮೆ ಹತ್ತು ಮೀನು ಹಿಡಿದು ತೂಗಿ ನೋಡಿದರೆ ಈ ಲೆಕ್ಕ ಸುಲಭವಾಗುತ್ತದೆ, ಮೈಮೇಲೆ ಗಾಯ ಇದೆಯೇ ಎಂಬುದೂ ಆಗಲೇ ತಿಳಿಯುತ್ತದೆ.

ಎರಚಿದ ಆಹಾರ ಅರ್ಧ ತಳ ಸೇರಿ ಕೊಳೆಯುತ್ತದೆ. ಅದರ ಬದಲು ಗೊಬ್ಬರ ಔಷಧಿ ತಗಲದ ಒಂದು ಪ್ಲಾಸ್ಟಿಕ್ ಚೀಲದ ಕೆಳಭಾಗದಲ್ಲಿ ಬೆರಳು ಹೋಗುವಷ್ಟು ರಂಧ್ರಗಳನ್ನು ಮಾಡಿ, ಆಹಾರ ತುಂಬಿ, ಗಳಕ್ಕೆ ಕಟ್ಟಿ ಇಳಿಬಿಟ್ಟರೆ ಮೀನುಗಳು ಬಾಯಿ ಹಾಕಿ ಎಳೆದು ತಿನ್ನುತ್ತವೆ. ಸಂಜೆ ಚೀಲದಲ್ಲಿ ಆಹಾರ ಉಳಿದಿದ್ದರೆ ಮರುದಿನ ಅಷ್ಟು ಕಡಿಮೆ ಮಾಡಬೇಕು. ದಿನವೂ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಕೊಡುವುದರಿಂದ ಇನ್ನೊಂದು ಲಾಭವಿದೆ: ಹೊತ್ತಿಗೆ ಸರಿಯಾಗಿ ಮೀನು ಬರಲಿಲ್ಲವೆಂದರೆ ಏನೋ ಕೆಟ್ಟಿದೆ ಎಂದು ಆಹಾರ ಹಾಕುವವರಿಗೆ ತಕ್ಷಣ ಗೊತ್ತಾಗುತ್ತದೆ. ಅನೇಕ ಮನೆಗಳಲ್ಲಿ ಈ ಕೆಲಸ ಹೆಣ್ಣುಮಕ್ಕಳದ್ದೇ, ಹೊಂಡದ ರೀತಿನೀತಿ ಅವರಿಗೆ ಗೊತ್ತಿರುವಷ್ಟು ಗಂಡಸರಿಗೆ ಗೊತ್ತಿರುವುದಿಲ್ಲ. ತರಬೇತಿ ಶಿಬಿರಗಳಿಗೆ ಅವರೇ ಹೋಗುವುದು ಹೆಚ್ಚು ಪ್ರಯೋಜನಕಾರಿ.

ಮುಂಜಾನೆಯ ಗಂಡಾಂತರ

ಹೊಸಬರ ಮೀನು ಸಾಮಾನ್ಯವಾಗಿ ಸಾಯುವುದು ರೋಗದಿಂದಲ್ಲ, ಉಸಿರುಕಟ್ಟಿ. ಹಗಲು ಬಿಸಿಲಿನಲ್ಲಿ ನೀರಿನ ಹಸಿರು ಸಸ್ಯಗಳು ಆಮ್ಲಜನಕ ಬಿಡುತ್ತವೆ. ರಾತ್ರಿ ಅವೂ ಮೀನಿನೊಂದಿಗೆ ಉಸಿರಾಡಿ ಅದನ್ನೇ ಖರ್ಚು ಮಾಡುತ್ತವೆ. ಆದುದರಿಂದ ಬೆಳಗಿನ ಜಾವ, ಸೂರ್ಯ ಹುಟ್ಟುವ ಮೊದಲು ನೀರಿನಲ್ಲಿ ಆಮ್ಲಜನಕ ಅತಿ ಕಡಿಮೆ. ಎರಡು ಮೂರು ದಿನ ಮೋಡ ಮುಸುಕಿ, ಗಾಳಿಯೂ ಇಲ್ಲದೆ, ನೀರು ಗಾಢ ಹಸಿರಾಗಿದ್ದರೆ ಆ ಮುಂಜಾನೆ ಮೀನುಗಳು ಮೇಲೆ ಬಂದು ಬಾಯಿ ತೆರೆದು ಗುಟುಕರಿಸುತ್ತವೆ. ಇದನ್ನು ನೋಡಿ 'ಮೀನಿಗೆ ಹಸಿವಾಗಿದೆ' ಎಂದು ಇನ್ನಷ್ಟು ಹಿಂಡಿ ಹಾಕುವವರಿದ್ದಾರೆ. ಅದು ಉರಿಯುವ ಮನೆಗೆ ಎಣ್ಣೆ ಸುರಿದ ಹಾಗೆ.

ಆಗ ಮಾಡಬೇಕಾದ್ದು ಇಷ್ಟು. ಆಹಾರ, ಸಗಣಿ ಎರಡನ್ನೂ ನಿಲ್ಲಿಸಬೇಕು. ಪಂಪಿನಿಂದ ಹೊಂಡದ ನೀರನ್ನೇ ಎತ್ತಿ, ಎತ್ತರದಿಂದ ಹನಿಹನಿಯಾಗಿ ಸಿಡಿಯುವಂತೆ ಮತ್ತೆ ಹೊಂಡಕ್ಕೇ ಬಿಡಬೇಕು. ವಿದ್ಯುತ್ ಇಲ್ಲದಿದ್ದರೆ ಏರಿಯ ಮೇಲೆ ನಿಂತು ಉದ್ದನೆಯ ಗಳದಿಂದ ನೀರನ್ನು ಬಡಿಯಬೇಕು, ಬಕೆಟಿನಲ್ಲಿ ಎತ್ತಿ ಸುರಿಯಬೇಕು. ಬೋರ್‌ವೆಲ್ ನೀರು ಕೊಡುವುದಾದರೆ ಅದನ್ನೂ ಹಾಗೆಯೇ ಸಿಡಿಸಿ ಬಿಡಬೇಕು, ಏಕೆಂದರೆ ನೆಲದಡಿಯ ನೀರಿನಲ್ಲಿ ಆಮ್ಲಜನಕ ಬಹಳ ಕಡಿಮೆ ಇರುತ್ತದೆ. ಬಿಸಿಲೇರಿದ ಮೇಲೆ ಮೀನು ತಾನಾಗಿ ಕೆಳಗಿಳಿಯುತ್ತದೆ. ಮರುದಿನ ಮುಂಜಾನೆಯೂ ತಪ್ಪದೆ ಹೋಗಿ ನೋಡಬೇಕು.

ಇನ್ನೊಂದು ಹಠಾತ್ ಸಾವಿನ ಕಾರಣ ಸಿಂಪರಣಾ ಔಷಧ. ಸೈಪರ್‌ಮೆಥ್ರಿನ್‌ನಂಥ ಕೀಟನಾಶಕಗಳು ಮನುಷ್ಯರಿಗಿಂತ ಮೀನಿಗೆ ಎಷ್ಟೋ ಪಟ್ಟು ಹೆಚ್ಚು ವಿಷ. ಸಿಂಪರಣಾ ಯಂತ್ರವನ್ನು ಹೊಂಡದಲ್ಲಿ ತೊಳೆಯಬಾರದು. ಪಕ್ಕದ ಹೊಲದಲ್ಲಿ ಹೊಡೆಯುವಾಗ ಗಾಳಿಯ ದಿಕ್ಕು ನೋಡಬೇಕು. ಔಷಧ ಹೊಡೆದ ಹೊಲದ ಮೊದಲ ಮಳೆನೀರು ಹೊಂಡಕ್ಕೆ ಬಾರದಂತೆ ಬದು ತಿರುಗಿಸಬೇಕು. ನೆರೆಹೊಲದವರಿಗೆ ಒಂದು ಮಾತು ಹೇಳಿಡುವುದು ಆಮೇಲಿನ ಜಗಳಕ್ಕಿಂತ ಮೇಲು.

ರೋಗಗಳು

ಚಳಿಗಾಲದ ಆರಂಭದಲ್ಲಿ ಮೀನಿನ ಮೈಮೇಲೆ ಕೆಂಪು ಹುಣ್ಣುಗಳು ಕಂಡರೆ ಅದು 1988ರಿಂದ ನಮ್ಮ ದೇಶದಲ್ಲಿ ಕಾಣಿಸಿಕೊಂಡ ಹುಣ್ಣುರೋಗವಿರಬಹುದು. ಒಂದು ಬಗೆಯ ಬೂಷ್ಟು ಇದಕ್ಕೆ ಕಾರಣ. ಕೊರವ ಮುಂತಾದ ಕಾಡುಮೀನುಗಳಿಗೆ ಮೊದಲು ತಗಲಿ ಸಾಕಿದ ಮೀನಿಗೆ ಹಬ್ಬುತ್ತದೆ. ಅಕ್ಟೋಬರ್, ನವೆಂಬರಿನಲ್ಲಿ ಮುಂಚಿತವಾಗಿಯೇ ಎರಡು ಗುಂಟೆಗೆ ಒಂದು ಕಿ.ಗ್ರಾಂ. ಸುಣ್ಣವನ್ನು ನೀರಿನಲ್ಲಿ ಕದಡಿ, ತಣಿದ ಮೇಲೆ ಬೆಳಗಿನ ಹೊತ್ತು ಚೆಲ್ಲುವುದು ಒಳ್ಳೆಯ ಮುನ್ನೆಚ್ಚರಿಕೆ. ರೋಗ ಕಂಡ ಮೇಲೆ ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆ ರೂಪಿಸಿದ 'ಸಿಫಾಕ್ಸ್' ಔಷಧವನ್ನು ಇಲಾಖೆಯವರ ಸಲಹೆಯಂತೆ ಬಳಸಬಹುದು.

ಮೀನು ಏರಿಯ ಬದಿಗೆ ಮೈ ಉಜ್ಜುತ್ತಿದ್ದರೆ ಮೀನುಹೇನು ಹತ್ತಿದೆ ಎಂದು ತಿಳಿಯಬೇಕು. ಈ ಹೇನು ಗಟ್ಟಿ ವಸ್ತುವಿನ ಮೇಲೆ ಮೊಟ್ಟೆಯಿಡುತ್ತದೆ. ಐದಾರು ಬಿದಿರು ಗಳಗಳನ್ನು ಹೊಂಡದಲ್ಲಿ ನಿಲ್ಲಿಸಿ, ವಾರಕ್ಕೊಮ್ಮೆ ಕಿತ್ತು ಬಿಸಿಲಿನಲ್ಲಿ ಒಣಗಿಸಿ ಮತ್ತೆ ನೆಟ್ಟರೆ ಮೊಟ್ಟೆಗಳು ಸತ್ತು ಹೇನಿನ ಸಂತತಿ ಕುಗ್ಗುತ್ತದೆ.

ಬೇಸಗೆಯ ನೀರು ಮತ್ತು ಹಿಡುವಳಿ

ಕೃಷಿ ಹೊಂಡದ ಮೊದಲ ಉದ್ದೇಶ ಬೆಳೆಗೆ ನೀರು. ಮೀನಿನ ಹೊಂಡದ ನೀರಿನಲ್ಲಿ ಸಾರವಿರುವುದರಿಂದ ತರಕಾರಿಗೆ ಅದು ಇನ್ನೂ ಒಳ್ಳೆಯದು. ಆದರೆ ಬಯಲುಸೀಮೆಯ ಬಿರುಬೇಸಗೆಯಲ್ಲಿ ಬರೀ ಆವಿಯಾಗಿಯೇ ತಿಂಗಳಿಗೆ ಮುಕ್ಕಾಲು ಅಡಿಯಿಂದ ಒಂದಡಿ ನೀರು ಹೋಗುತ್ತದೆ. ಹೊಂಡದ ನಡುವೆ ಒಂದು ಕಂಬ ನೆಟ್ಟು ತಳದಿಂದ ಮೂರಡಿಗೆ ಕೆಂಪು ಬಣ್ಣದ ಗುರುತು ಮಾಡಬೇಕು. ನೀರು ಆ ಗುರುತಿಗೆ ಇಳಿದಾಗ ಪಂಪು ನಿಲ್ಲಿಸಬೇಕು, ಇಲ್ಲವೇ ಮೀನು ಹಿಡಿಯಲು ತೊಡಗಬೇಕು. ಎರಡನ್ನೂ ಮುಂದೂಡಿದರೆ ಮೀನೂ ಇಲ್ಲ, ನೀರೂ ಇಲ್ಲ. ಪಂಪಿನ ಫುಟ್‌ವಾಲ್ವಿಗೆ ಬಲೆ ಸುತ್ತಿರಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಎಲ್ಲ ಮೀನನ್ನೂ ಒಂದೇ ದಿನ ಹಿಡಿಯಬೇಕೆಂದಿಲ್ಲ. ಏಳೆಂಟು ತಿಂಗಳಾದ ಮೇಲೆ ದೊಡ್ಡದಾದವನ್ನು ಆಗಾಗ ಹಿಡಿದರೆ ಉಳಿದವಕ್ಕೆ ಜಾಗ, ಮೇವು ಸಿಕ್ಕಿ ಅವೂ ಬೇಗ ಬೆಳೆಯುತ್ತವೆ. ಮನೆಬಳಕೆಗೆ ಈ ಕ್ರಮವೇ ಅನುಕೂಲ. ಬೀಸುಬಲೆಯನ್ನು ಪ್ಲಾಸ್ಟಿಕ್ ಹೊದಿಕೆಯ ಹೊಂಡದಲ್ಲಿ ಬಳಸುವಾಗ ಸೀಸದ ಗುಂಡಿಗೆ ಹಾಳೆ ಸಿಕ್ಕಿ ಹರಿಯದಂತೆ ನೋಡಿಕೊಳ್ಳಬೇಕು. ಅಲ್ಲಿ ಎಳೆಬಲೆಯೇ ಉತ್ತಮ. ಹಿಡಿಯುವ ಹಿಂದಿನ ದಿನ ಆಹಾರ ಕೊಡಬಾರದು. ಬೆಳಗಿನ ತಂಪಿನಲ್ಲಿ ಹಿಡಿದು ಹೊಂಡದ ಬಳಿಯೇ ಜೀವಂತ ಮೀನು ಮಾರಿದರೆ ಪೇಟೆಯ ಮಂಜುಗಡ್ಡೆ ಮೀನಿಗಿಂತ ಹೆಚ್ಚು ಬೆಲೆ ಬರುತ್ತದೆ. ದೂರ ಕಳುಹಿಸುವುದಾದರೆ ಮೀನಿನಷ್ಟೇ ತೂಕದ ಮಂಜುಗಡ್ಡೆ ಬೇಕು. ಮೀನು ತಿನ್ನದ ಮನೆಗಳವರೂ ಹೊಂಡವನ್ನು ಊರಿನ ಸ್ವಸಹಾಯ ಗುಂಪಿಗೆ ಪಾಲಿಗೆ ಕೊಡುವುದುಂಟು.

ಹೀಗೆ ಕ್ರಮವಾಗಿ ನೋಡಿಕೊಂಡ ಎರಡು ಗುಂಟೆ ಹೊಂಡದಿಂದ ಹತ್ತು ಹನ್ನೆರಡು ತಿಂಗಳಲ್ಲಿ 50ರಿಂದ 60 ಕಿ.ಗ್ರಾಂ. ಮೀನು ನಿರೀಕ್ಷಿಸಬಹುದು. ಒಂದು ಕಿಲೋ ಮೀನಿಗೆ ಸುಮಾರು ಎರಡು ಕಿಲೋ ಹಿಂಡಿ, ತೌಡು ಖರ್ಚಾಗುತ್ತದೆ ಎಂದಿಟ್ಟುಕೊಂಡು, ತಮ್ಮ ಊರಿನ ಹಿಂಡಿಯ ಬೆಲೆಗೂ ಮೀನಿನ ಬೆಲೆಗೂ ತಾಳೆ ಹಾಕಿ ನೋಡಿಯೇ ಈ ಕೆಲಸಕ್ಕೆ ಕೈಹಾಕಬೇಕು. ಮನೆಯ ಹಿಂಡಿ, ತೌಡು, ಸಗಣಿ ಇದ್ದವರಿಗೆ ಉಳಿತಾಯ ಹೆಚ್ಚು. ಎಲ್ಲವನ್ನೂ ಪೇಟೆಯಿಂದ ತರುವವರಿಗೆ ಇಷ್ಟು ಸಣ್ಣ ಹೊಂಡದಲ್ಲಿ ಮನೆಯ ಊಟಕ್ಕಾಗಿ ಉಳಿಯುವುದು ಅಷ್ಟಕ್ಕಷ್ಟೆ.

ಮೀನು ಹಿಡಿದಾದ ಮೇಲೆ ತಳದಲ್ಲಿ ಉಳಿಯುವ ಕಪ್ಪು ಕೆಸರನ್ನು ಬಾಳೆ, ತೆಂಗಿನ ಬುಡಕ್ಕೆ ಹಾಕಬೇಕು. ಪ್ಲಾಸ್ಟಿಕ್ ಹೊದಿಕೆ ಇರುವಲ್ಲಿ ಸಲಿಕೆ, ಗುದ್ದಲಿ ಇಳಿಸದೆ ಕೈಯಿಂದಲೋ ಮರದ ಹಲಗೆಯಿಂದಲೋ ಕೆಸರನ್ನು ಬಳಿದು ತೆಗೆದು, ಮುಂದಿನ ಮಳೆಯವರೆಗೆ ಹೊಂಡವನ್ನು ಒಣಗಲು ಬಿಡಬೇಕು.